ಸೆಪ್ಟಿಕ್ ಶಾಕ್‌ಗೆ ಮಿಥಿಲೀನ್ ಬ್ಲೂ ಇಂಜೆಕ್ಷನ್: ಯಾರಿಗೆ, ಯಾವಾಗ, ಎಷ್ಟು

ತೀರ್ಪನ್ನು ಮೊದಲೇ ಹೇಳಿಬಿಡೋಣ. ಐದಕ್ಕೆ ಮೂರು ಅಂಕ. ಸೋಂಕಿನಿಂದ ಬಿಪಿ ಕುಸಿದು, ರಕ್ತನಾಳ ಬಿಗಿಗೊಳಿಸಿ ಬಿಪಿ ಎತ್ತುವ ನಾರ್‌ಅಡ್ರಿನಲಿನ್ ಎಷ್ಟು ಏರಿಸಿದರೂ ಸಾಲದೆ, ಅದೇ ಕೆಲಸ ಮಾಡುವ ವ್ಯಾಸೋಪ್ರೆಸಿನ್ ಸೇರಿಸಿದ ಮೇಲೂ ಪಂಪಿನ ಡೋಸ್ ಅಂಕಿ ಇಳಿಯದಿದ್ದಾಗ ಕೈಗೆತ್ತಿಕೊಳ್ಳಬೇಕಾದ ಔಷಧ ಇದು. ಮೊದಲ 24 ಗಂಟೆಯೊಳಗೆ, ಸರಿಯಾದ ರೋಗಿಗೆ ಕೊಟ್ಟರೆ ಡ್ರಿಪ್‌ಗಳಿಂದ ಬೇಗ ಬಿಡಿಸುತ್ತದೆ. ಸಾವನ್ನು ತಪ್ಪಿಸುತ್ತದೆಯೇ ಎಂದು ಕೇಳಿದರೆ, ಹಾಗೆಂದು ಎದೆತಟ್ಟಿ ಹೇಳುವಷ್ಟು ಪುರಾವೆ ಇನ್ನೂ ಇಲ್ಲ. ಎರಡು ಅಂಕ ಕಳೆದದ್ದು ಅದಕ್ಕೆ ಒಂದು. ಎಲ್ಲ ಮುಗಿದ ಮೇಲೆ, ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಅಂಶ) ಹದಿನೈದು ದಾಟಿದ ರೋಗಿಗೆ 'ಇದೊಂದು ನೋಡಿಬಿಡೋಣ' ಎಂದು ಕೊಡುವ ಅಭ್ಯಾಸಕ್ಕೆ ಇದು ಸುಲಭವಾಗಿ ಬಲಿಯಾಗುತ್ತದೆ ಎಂಬುದಕ್ಕೆ ಇನ್ನೊಂದು.

ವಸ್ತು ಹಳೆಯದು. 1876ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿಯಲ್ಲಿ ಹೈನ್‌ರಿಶ್ ಕಾರೊ ಬಟ್ಟೆಗೆ ಹಾಕುವ ಬಣ್ಣವಾಗಿ ಇದನ್ನು ತಯಾರಿಸಿದರು. 1891ರಲ್ಲಿ ಪೌಲ್ ಗುಟ್‌ಮನ್ ಮತ್ತು ಪೌಲ್ ಎಹ್ರ್‌ಲಿಕ್ ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಇಂದು ಅಧಿಕೃತ ಒಪ್ಪಿಗೆ ಇರುವುದು ಮೆಟ್‌ಹಿಮೋಗ್ಲೋಬಿನೀಮಿಯಾಕ್ಕೆ: ರಕ್ತದ ಕಬ್ಬಿಣ ಆಕ್ಸಿಜನ್ ಹಿಡಿಯಲಾರದ ರೂಪಕ್ಕೆ ತಿರುಗಿ ರೋಗಿ ನೀಲಿಗಟ್ಟುವ ಸ್ಥಿತಿ ಅದು. ಅಮೆರಿಕದ ಎಫ್‌ಡಿಎ 2016ರಲ್ಲಿ ಪ್ರೊವೇಬ್ಲೂ ಎಂಬ ಬ್ರ್ಯಾಂಡಿಗೆ ಒಪ್ಪಿಗೆ ಕೊಟ್ಟದ್ದೂ ಅದೇ ಕಾರಣಕ್ಕೆ. ಸೆಪ್ಟಿಕ್ ಶಾಕ್‌ನಲ್ಲಿ ಕೊಡುವುದೆಂದರೆ ಲೇಬಲ್‌ನ ಹೊರಗೆ ಕೊಡುವುದು. ಆದ್ದರಿಂದ ಕೇಸ್ ಶೀಟ್‌ನಲ್ಲಿ ಕಾರಣ ಬರೆಯಬೇಕು, ಮನೆಯವರಿಗೆ ಹೇಳಿ ಸಹಿ ಪಡೆಯಬೇಕು.

ಬಿಪಿ ಏಕೆ ಬೀಳುತ್ತದೆ ಎಂಬುದು ತಿಳಿದರೆ ಈ ಔಷಧದ ಶಕ್ತಿ, ಮಿತಿ ಎರಡೂ ತಿಳಿಯುತ್ತವೆ. ಸೋಂಕಿನ ಉರಿಯೂತದಲ್ಲಿ ರಕ್ತನಾಳದ ಗೋಡೆಯ ಕೋಶಗಳು ನೈಟ್ರಿಕ್ ಆಕ್ಸೈಡನ್ನು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಯಾರಿಸುತ್ತವೆ. ಅದು ನಾಳದ ಸ್ನಾಯುವಿನೊಳಗಿನ ಗ್ವಾನಿಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ಚಾಲೂ ಮಾಡುತ್ತದೆ, ಸೈಕ್ಲಿಕ್ ಜಿಎಂಪಿ ಏರುತ್ತದೆ, ಸ್ನಾಯು ಸಡಿಲವಾಗುತ್ತದೆ. ನಾರ್‌ಅಡ್ರಿನಲಿನ್ ಹೊರಗಿನಿಂದ 'ಬಿಗಿಯಾಗು' ಎನ್ನುತ್ತಿರುತ್ತದೆ, ಒಳಗಿನಿಂದ ಸೈಕ್ಲಿಕ್ ಜಿಎಂಪಿ 'ಸಡಿಲವಾಗು' ಎನ್ನುತ್ತಿರುತ್ತದೆ. ಡೋಸ್ ಏರಿಸಿದಷ್ಟೂ ಫಲ ಕಡಿಮೆಯಾಗುವುದು ಇದರಿಂದ. ಮಿಥಿಲೀನ್ ಬ್ಲೂ ಗ್ವಾನಿಲೇಟ್ ಸೈಕ್ಲೇಸನ್ನು ತಡೆಯುತ್ತದೆ, ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನೂ ಒಂದಿಷ್ಟು ತಡೆಯುತ್ತದೆ. ಅಡ್ರಿನಲಿನ್ ಗ್ರಾಹಕವನ್ನಾಗಲೀ ವ್ಯಾಸೋಪ್ರೆಸಿನ್ ಗ್ರಾಹಕವನ್ನಾಗಲೀ ಮುಟ್ಟದೆ ಬೇರೆ ದಾರಿಯಲ್ಲಿ ಬಿಪಿ ಎತ್ತುವುದು ಇದರ ನಿಜವಾದ ಬೆಲೆ.

ಹಾಗಾದರೆ ನೈಟ್ರಿಕ್ ಆಕ್ಸೈಡ್ ತಯಾರಿಯನ್ನೇ ಪೂರ್ತಿ ನಿಲ್ಲಿಸಿಬಿಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. 546ಸಿ88 ಎಂಬ ಔಷಧವನ್ನು 797 ಸೆಪ್ಟಿಕ್ ಶಾಕ್ ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬಿಪಿ ಚೆನ್ನಾಗಿಯೇ ಏರಿತು, ಸಾವು ಮಾತ್ರ 49 ಪ್ರತಿಶತದಿಂದ 59 ಪ್ರತಿಶತಕ್ಕೆ ಹೋಯಿತು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸಣ್ಣ ರಕ್ತನಾಳಗಳಲ್ಲಿ ರಕ್ತ ಹರಿಯಲು, ಶ್ವಾಸಕೋಶದ ನಾಳಗಳು ತೆರೆದಿರಲು ನೈಟ್ರಿಕ್ ಆಕ್ಸೈಡ್ ಸ್ವಲ್ಪವಾದರೂ ಬೇಕು. ಮಿಥಿಲೀನ್ ಬ್ಲೂ ಬಗ್ಗೆ ಮಾತಾಡುವಾಗ ಈ ಅಧ್ಯಯನ ಮರೆತವರು ಡೋಸ್ ಏರಿಸುವ ಉತ್ಸಾಹದಲ್ಲಿ ಎಡವುತ್ತಾರೆ. ಮಾನಿಟರಿನ ಅಂಕಿ ಚಂದವಾದ ಮಾತ್ರಕ್ಕೆ ಅಂಗಾಂಗಗಳಿಗೆ ರಕ್ತ ಸಿಕ್ಕಿತು ಎಂದಲ್ಲ.

ಪುರಾವೆಯ ಕಡೆಗೆ ಬರೋಣ. ಮನುಷ್ಯರಲ್ಲಿ ಸೆಪ್ಟಿಕ್ ಶಾಕ್‌ಗೆ ಕೊಟ್ಟ ವರದಿಗಳು 1992ರಿಂದ ಇವೆ. 2001ರಲ್ಲಿ ಕಿರೊವ್ ಮತ್ತು ಸಂಗಡಿಗರು 20 ರೋಗಿಗಳಲ್ಲಿ ಪರೀಕ್ಷಿಸಿದರು: ಕೆಜಿಗೆ 2 ಮಿ.ಗ್ರಾಂ ಬೋಲಸ್ (ಒಂದೇ ಸಲಕ್ಕೆ ಕೊಡುವ ಡೋಸ್), ಎರಡು ಗಂಟೆಯ ನಂತರ ಗಂಟೆಗೊಮ್ಮೆ ಏರಿಸುತ್ತಾ ಇನ್ಫ್ಯೂಷನ್ (ಹನಿಹನಿಯಾಗಿ ಕೊಡುವುದು). ನಾರ್‌ಅಡ್ರಿನಲಿನ್ ಬೇಡಿಕೆ ಗರಿಷ್ಠ 87 ಪ್ರತಿಶತದಷ್ಟು ಕಡಿಮೆಯಾಯಿತು. ಇಪ್ಪತ್ತೇ ಜನ, ಆದ್ದರಿಂದ ಬದುಕು-ಸಾವಿನ ಲೆಕ್ಕಕ್ಕೆ ಅದು ಒದಗದು. 2004ರಲ್ಲಿ ಲೆವಿನ್ ತಂಡ ಹೃದಯ ಶಸ್ತ್ರಚಿಕಿತ್ಸೆಯ ನಂತರ ನಾಳಗಳು ಸಡಿಲಗೊಂಡ 56 ರೋಗಿಗಳನ್ನು ತೆಗೆದುಕೊಂಡಿತು, ಕೆಜಿಗೆ 1.5 ಮಿ.ಗ್ರಾಂ ಅನ್ನು ಒಂದು ಗಂಟೆಯಲ್ಲಿ ಕೊಟ್ಟ ಗುಂಪಿನಲ್ಲಿ ಯಾರೂ ಸಾಯಲಿಲ್ಲ, ಕೊಡದ ಗುಂಪಿನಲ್ಲಿ 21.4 ಪ್ರತಿಶತ ಸತ್ತರು. ಕಾರ್ಡಿಯಾಕ್ ಅನಸ್ತೀಸಿಯಾದವರು ಈ ಔಷಧವನ್ನು ನಮಗಿಂತ ಹೆಚ್ಚು ನಂಬುವುದಕ್ಕೆ ಈ ಅಂಕಿ ಒಂದು ಕಾರಣ. ಆದರೆ ಬೈಪಾಸ್ ನಂತರದ ಸ್ಥಿತಿಯೇ ಬೇರೆ, ಹೊಟ್ಟೆಯಲ್ಲಿ ಕೀವು ತುಂಬಿದ ರೋಗಿಯ ಸ್ಥಿತಿಯೇ ಬೇರೆ. ಅಲ್ಲಿನ ಫಲ ಇಲ್ಲಿಗೆ ಹಾಗೇ ಬರುವುದಿಲ್ಲ.

ಸೆಪ್ಸಿಸ್‌ಗೆ ಸಂಬಂಧಿಸಿದಂತೆ ಈಚೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು 2023ರ ಮೆಕ್ಸಿಕೊ ಅಧ್ಯಯನ. ಗ್ವಾದಲಹಾರಾದ ಒಂದೇ ಆಸ್ಪತ್ರೆ, 91 ರೋಗಿಗಳು, ಎಲ್ಲರೂ ಶಾಕ್ ಶುರುವಾಗಿ 24 ಗಂಟೆಯೊಳಗಿನವರು. ದಿನಕ್ಕೊಮ್ಮೆ 100 ಮಿ.ಗ್ರಾಂ ಅನ್ನು 500 ಎಂಎಲ್‌ನಲ್ಲಿ ಬೆರೆಸಿ 6 ಗಂಟೆ ಹನಿಸಿದರು. ಒಟ್ಟು ಮೂರು ಡೋಸ್. ವ್ಯಾಸೋಪ್ರೆಸರ್ (ಬಿಪಿ ಎತ್ತುವ ಔಷಧಗಳು) ನಿಲ್ಲಿಸಲು ಔಷಧದ ಗುಂಪಿಗೆ 69 ಗಂಟೆ ಹಿಡಿಯಿತು, ಇನ್ನೊಂದು ಗುಂಪಿಗೆ 94 ಗಂಟೆ. ಐಸಿಯು ವಾಸ ಒಂದೂವರೆ ದಿನ ಕಡಿಮೆಯಾಯಿತು. ಸಾವು 33 ಪ್ರತಿಶತ ಮತ್ತು 46 ಪ್ರತಿಶತ. ನೋಡಲು ದೊಡ್ಡ ಅಂತರ, ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಅದು ಕಾಕತಾಳೀಯವೂ ಆಗಿರಬಹುದು, ಸಂಖ್ಯಾಶಾಸ್ತ್ರ ಅದನ್ನು ಒಪ್ಪಲಿಲ್ಲ. ಸೆಪ್ಸಿಸ್ ಚಿಕಿತ್ಸೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಹೊರಡಿಸುವ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್‌ನ 2021ರ ಮಾರ್ಗಸೂಚಿ ಇದಕ್ಕೂ ಮೊದಲಿನದು. ಅದರಲ್ಲಿ ಮಿಥಿಲೀನ್ ಬ್ಲೂ ಪರವಾಗಿ ಶಿಫಾರಸೇನೂ ಇಲ್ಲ. ನಮ್ಮ ಮಟ್ಟಿಗೆ ಐಸಿಯುನಲ್ಲಿ ಒಂದು ದಿನ ಕಡಿಮೆಯಾಗುವುದೇನೂ ಸಣ್ಣ ಮಾತಲ್ಲ. ಕೈಯಿಂದ ಹಣ ಕಟ್ಟುವ ಕುಟುಂಬಕ್ಕೆ ಅದು ಎಷ್ಟೆಂದು ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತವರಿಗೆಲ್ಲ ಗೊತ್ತು.

ಈಗ ರೋಗಿಯನ್ನು ಆರಿಸುವ ವಿಚಾರ. ಫಲಿತಾಂಶದ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಅದಕ್ಕೂ ಮೊದಲು ಆಗಬೇಕಾದ ಕೆಲಸಗಳು ಆಗಿರಬೇಕು. ಆಂಟಿಬಯೋಟಿಕ್ ಮೊದಲ ಗಂಟೆಯಲ್ಲಿ ಹೋಗಿರಬೇಕು. ಕೀವು ಇದ್ದರೆ ತೆಗೆದಿರಬೇಕು, ಕಲ್ಲು ಸಿಕ್ಕಿಕೊಂಡ ಮೂತ್ರಪಿಂಡವಾದರೆ ಸ್ಟೆಂಟ್ ಬಿದ್ದಿರಬೇಕು, ಕೊಳೆತ ಕಾಲಾದರೆ ಸರ್ಜನ್ ನೋಡಿರಬೇಕು. ಕೆಜಿಗೆ ಸುಮಾರು 30 ಎಂಎಲ್ ಫ್ಲೂಯಿಡ್, ನಂತರ ನಾರ್‌ಅಡ್ರಿನಲಿನ್, ಸರಾಸರಿ ಬಿಪಿ ಗುರಿ 65. ನಾರ್‌ಅಡ್ರಿನಲಿನ್ ನಿಮಿಷಕ್ಕೆ ಕೆಜಿಗೆ 0.25 ಮೈಕ್ರೋಗ್ರಾಂ ಮುಟ್ಟುವ ಹೊತ್ತಿಗೆ ವ್ಯಾಸೋಪ್ರೆಸಿನ್ ನಿಮಿಷಕ್ಕೆ ಒಟ್ಟು 0.03 ಯೂನಿಟ್ ಸೇರಬೇಕು. 20 ಯೂನಿಟ್‌ಗಳ ಆಂಪೂಲನ್ನು 50 ಎಂಎಲ್ ಸಿರಿಂಜಿಗೆ ಹಾಕಿದರೆ ಗಂಟೆಗೆ 4.5 ಎಂಎಲ್. ನಾರ್‌ಅಡ್ರಿನಲಿನ್ 0.25ರಲ್ಲೇ ನಾಲ್ಕು ಗಂಟೆ ಕಳೆದರೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ 50 ಮಿ.ಗ್ರಾಂ ಆರು ಗಂಟೆಗೊಮ್ಮೆ. ಇಷ್ಟಾದ ಮೇಲೂ ನಾರ್‌ಅಡ್ರಿನಲಿನ್ ಏರುತ್ತಲೇ ಇದ್ದರೆ ಮಿಥಿಲೀನ್ ಬ್ಲೂ ಸರದಿ.

ಇಲ್ಲೊಂದು ಮಾತು ಸೇರಿಸಬೇಕು. 0.25 ಎಂದು ಲೆಕ್ಕ ಹಾಕುವಾಗ ಆಂಪೂಲಿನ ಮೇಲೆ ಬರೆದಿರುವುದು ಲವಣದ ತೂಕವೋ ಶುದ್ಧ ಔಷಧದ ತೂಕವೋ ನೋಡಿ. 2 ಮಿ.ಗ್ರಾಂ ಬೈಟಾರ್ಟ್ರೇಟ್ ಎಂದರೆ 1 ಮಿ.ಗ್ರಾಂ ನಾರ್‌ಅಡ್ರಿನಲಿನ್. ಇದನ್ನು ತಪ್ಪಾಗಿ ಓದಿ, ಅರ್ಧ ಡೋಸಿನಲ್ಲಿರುವ ರೋಗಿಗೆ 'ಏನು ಕೊಟ್ಟರೂ ಬಿಪಿ ಏಳುತ್ತಿಲ್ಲ' ಎಂಬ ಹಣೆಪಟ್ಟಿ ಹಚ್ಚುವುದುಂಟು.

ಸರಿಯಾದ ರೋಗಿ ಹೇಗಿರುತ್ತಾನೆ? ಕೈಕಾಲು ಬೆಚ್ಚಗಿರುತ್ತವೆ. ಕೆಳಗಿನ ಬಿಪಿ ಅಂಕಿ ಪಾತಾಳದಲ್ಲಿರುತ್ತದೆ: ಉದಾಹರಣೆಗೆ 84/38, ಸರಾಸರಿ 53. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಎಡ ಕುಹರ ಚೆನ್ನಾಗಿ ಹಿಂಡುತ್ತಿರುತ್ತದೆ, ಬಲ ಕುಹರ ಊದಿರುವುದಿಲ್ಲ. ಎಂದರೆ ಪಂಪ್ ಸರಿಯಿದೆ, ಪೈಪು ಸಡಿಲವಾಗಿದೆ. ತದ್ವಿರುದ್ಧವಾಗಿ ಕೈಕಾಲು ತಣ್ಣಗಾಗಿ, ಮಂಡಿಯ ಮೇಲೆ ನೇರಳೆ ಬಲೆ ಮೂಡಿ, ಎಕೋದಲ್ಲಿ ಹೃದಯ ಸೋತಿರುವುದು ಕಂಡರೆ ಈ ಔಷಧ ಬೇಡ. ಸೋತ ಹೃದಯದ ಮೇಲೆ ಇನ್ನಷ್ಟು ಹೊರೆ ಹೇರಿದಂತಾಗುತ್ತದೆ. ಆ ರೋಗಿಗೆ ಹೃದಯಕ್ಕೆ ಬಲ ಕೊಡುವ ಡೋಬುಟಮಿನ್ ಅಥವಾ ಅಡ್ರಿನಲಿನ್ ಬಗ್ಗೆ ಯೋಚಿಸಬೇಕು. ಎಕೋ ಇಟ್ಟು ನೋಡದೆ ಮಿಥಿಲೀನ್ ಬ್ಲೂ ಶುರು ಮಾಡುವುದನ್ನು ನಾವು ಒಪ್ಪುವುದಿಲ್ಲ. ಹಾಸಿಗೆಯ ಪಕ್ಕದ ಐದು ನಿಮಿಷದ ಕೆಲಸ ಅದು.

ಆಂಪೂಲ್ ಎರಡು ಬಲದಲ್ಲಿ ಸಿಗುತ್ತದೆ, ಗೊಂದಲ ಶುರುವಾಗುವುದೂ ಅಲ್ಲೇ. ಒಂದು ಪ್ರತಿಶತದ್ದಾದರೆ ಎಂಎಲ್‌ಗೆ 10 ಮಿ.ಗ್ರಾಂ, 10 ಎಂಎಲ್ ಆಂಪೂಲಿನಲ್ಲಿ 100 ಮಿ.ಗ್ರಾಂ. ಪ್ರೊವೇಬ್ಲೂ ಬಗೆಯ ಅರ್ಧ ಪ್ರತಿಶತದ್ದಾದರೆ ಎಂಎಲ್‌ಗೆ 5, ಅದೇ 10 ಎಂಎಲ್‌ನಲ್ಲಿ 50 ಮಿ.ಗ್ರಾಂ ಮಾತ್ರ. ಎರಡೂ ಒಂದೇ ಕಡುನೀಲಿ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. 'ಒಂದು ಆಂಪೂಲ್ ಕೊಡಿ' ಎಂದು ಫೋನಿನಲ್ಲಿ ಹೇಳುವ ಆರ್ಡರ್ ಅಪಾಯಕಾರಿ. ಯಾವಾಗಲೂ ಮಿ.ಗ್ರಾಂನಲ್ಲೇ ಬರೆಯಿರಿ, ಪಕ್ಕದಲ್ಲಿ ಎಷ್ಟು ಎಂಎಲ್ ಎಂದೂ ಬರೆಯಿರಿ.

60 ಕೆಜಿ ರೋಗಿಯ ಲೆಕ್ಕ ಹೀಗೆ. ಬೋಲಸ್ ಕೆಜಿಗೆ 1.5 ಮಿ.ಗ್ರಾಂ ಎಂದರೆ 90 ಮಿ.ಗ್ರಾಂ, ಒಂದು ಪ್ರತಿಶತದ ಆಂಪೂಲಿನಿಂದ 9 ಎಂಎಲ್. 5 ಪ್ರತಿಶತ ಡೆಕ್ಸ್ಟ್ರೋಸ್ 100 ಎಂಎಲ್ ಬಾಟಲಿಗೆ ಹಾಕಿ 30 ನಿಮಿಷದಿಂದ ಒಂದು ಗಂಟೆಯೊಳಗೆ ಹೋಗುವಂತೆ ಪಂಪ್ ಇಡಿ. ಐದು ನಿಮಿಷದಲ್ಲಿ ತಳ್ಳುವುದು ಮೆಟ್‌ಹಿಮೋಗ್ಲೋಬಿನ್‌ಗೆ ಇರುವ ಕ್ರಮ. ಶಾಕ್‌ನಲ್ಲಿ ಅಷ್ಟು ಅವಸರ ಬೇಡ. ನಂತರ ಇನ್ಫ್ಯೂಷನ್ ಬೇಕೆನಿಸಿದರೆ 100 ಮಿ.ಗ್ರಾಂ ಅನ್ನು 500 ಎಂಎಲ್ ಡೆಕ್ಸ್ಟ್ರೋಸ್‌ನಲ್ಲಿ ಬೆರೆಸಿ ಗಂಟೆಗೆ 83 ಎಂಎಲ್‌ನಂತೆ ಆರು ಗಂಟೆ. ಇದು ಗಂಟೆಗೆ ಕೆಜಿಗೆ ಸುಮಾರು 0.28 ಮಿ.ಗ್ರಾಂ ಆಗುತ್ತದೆ. ಬೋಲಸ್ ಸೇರಿಸಿ ಮೊದಲ ದಿನ 190 ಮಿ.ಗ್ರಾಂ, ಕೆಜಿಗೆ 3.2. ಕೆಜಿಗೆ 7 ಮಿ.ಗ್ರಾಂ ಹತ್ತಿರ ಹೋಗಲೇಬಾರದು. ಅಲ್ಲಿಗೆ ಹೋದರೆ ಕರುಳಿನ ರಕ್ತಸಂಚಾರ ಕೆಡುತ್ತದೆ, ಕೆಂಪು ರಕ್ತಕಣ ಒಡೆಯುತ್ತವೆ, ಯಾವ ಮೆಟ್‌ಹಿಮೋಗ್ಲೋಬಿನ್ನಿಗೆ ಇದು ಮದ್ದೋ ಅದನ್ನೇ ಹುಟ್ಟಿಸುತ್ತದೆ. ಬೋಲಸ್ಸೇ ಇಲ್ಲದೆ ಮೆಕ್ಸಿಕೊ ಕ್ರಮದಂತೆ ಬರೀ ಆರು ಗಂಟೆಯ ಡ್ರಿಪ್ ಕೊಡುವುದೂ ಸರಿಯೇ. ಬಿಪಿ ತೀರಾ ಕೆಳಗಿಲ್ಲದೆ, ಡೋಸ್ ಮಾತ್ರ ಏರುತ್ತಿರುವ ರೋಗಿಗೆ ಅದೇ ಮೇಲು.

ಡೆಕ್ಸ್ಟ್ರೋಸ್ ಏಕೆ ಎಂದು ನರ್ಸಿಂಗ್ ಸಿಬ್ಬಂದಿ ಕೇಳುವುದು ಸಹಜ. ಕ್ಲೋರೈಡ್ ಇರುವ ದ್ರಾವಣದಲ್ಲಿ ಮಿಥಿಲೀನ್ ಬ್ಲೂ ಕರಗುವುದು ಕಡಿಮೆಯಾಗುತ್ತದೆ. ಗಾಢವಾಗಿ ಬೆರೆಸಿದರೆ ಕಣಗಳು ಕೂರಬಹುದು, ಅದಕ್ಕೇ ಲೇಬಲ್ ನಾರ್ಮಲ್ ಸಲೈನ್ ಬೇಡ ಎನ್ನುತ್ತದೆ. ಮೆಕ್ಸಿಕೊದವರು ಬಳಸಿದ್ದು ಸಲೈನನ್ನೇ. ಆದರೆ 500 ಎಂಎಲ್‌ಗೆ 100 ಮಿ.ಗ್ರಾಂ ಎಂದರೆ ತೀರಾ ತೆಳು. ಅದನ್ನು ನೋಡಿ 50 ಎಂಎಲ್ ಸಲೈನ್ ಸಿರಿಂಜಿಗೆ 100 ಮಿ.ಗ್ರಾಂ ತುಂಬುವ ಸಾಹಸ ಬೇಡ. ಸಕ್ಕರೆ ಕಾಯಿಲೆಯವರಿಗೆ 500 ಎಂಎಲ್ ಡೆಕ್ಸ್ಟ್ರೋಸ್ ಎಂದರೆ 25 ಗ್ರಾಂ ಗ್ಲೂಕೋಸ್. ಇನ್ಸುಲಿನ್ ಪಂಪ್ ಸರಿಹೊಂದಿಸಿದರಾಯಿತು, ಅದೊಂದು ಕಾರಣಕ್ಕೆ ದ್ರಾವಣ ಬದಲಿಸಬೇಕಿಲ್ಲ.

ಸೆಂಟ್ರಲ್ ಲೈನಿನಲ್ಲೇ (ದೊಡ್ಡ ಅಭಿಧಮನಿಗೆ ಹಾಕಿದ ನಳಿಕೆ) ಕೊಡಿ, ಅದರಲ್ಲೂ ಬೇರೆ ಔಷಧವಿಲ್ಲದ ಲ್ಯೂಮೆನ್‌ನಲ್ಲಿ (ನಳಿಕೆಯೊಳಗಿನ ಪ್ರತ್ಯೇಕ ದಾರಿ). ಕೈಯ ಸಣ್ಣ ಕ್ಯಾನುಲಾದಿಂದ ಹೊರಸೋರಿದರೆ ಚರ್ಮ ಸತ್ತುಹೋಗುತ್ತದೆ. ನಾರ್‌ಅಡ್ರಿನಲಿನ್ ಓಡುತ್ತಿರುವ ಲ್ಯೂಮೆನ್‌ಗೆ ಇದನ್ನು ಸೇರಿಸಿದರೆ ಶುರುವಿನ ಕ್ಷಣದಲ್ಲಿ ನಾರ್‌ಅಡ್ರಿನಲಿನ್ ಒಮ್ಮೆಲೇ ಒಳಗೆ ನುಗ್ಗಿ ಬಿಪಿ ಜಿಗಿಯುತ್ತದೆ. ಅದನ್ನು ಮಿಥಿಲೀನ್ ಬ್ಲೂ ಮಹಿಮೆ ಎಂದು ತಿಳಿಯುವ ಸಾಧ್ಯತೆಯೂ ಇದೆ. ಆರ್ಟೀರಿಯಲ್ ಲೈನ್ (ಅಪಧಮನಿಗೆ ಹಾಕಿದ ನಳಿಕೆ) ಇಲ್ಲದೆ ಶುರು ಮಾಡಬಾರದು. ಕಾರಣ ಮುಂದೆ ಬರುತ್ತದೆ.

ಡ್ರಿಪ್ ಶುರುವಾದ ಕೆಲವೇ ನಿಮಿಷಗಳಲ್ಲಿ ಬೆರಳಿನ ಪಲ್ಸ್ ಆಕ್ಸಿಮೀಟರ್ ಬೊಬ್ಬೆ ಹಾಕುತ್ತದೆ. 98 ಇದ್ದದ್ದು 80, ಕೆಲವೊಮ್ಮೆ 70ರ ಆಸುಪಾಸು. ಆಕ್ಸಿಮೀಟರ್ ಬಳಸುವ ಕೆಂಪು ಬೆಳಕು 660 ನ್ಯಾನೋಮೀಟರಿನದು. ಮಿಥಿಲೀನ್ ಬ್ಲೂ ಅತಿ ಹೆಚ್ಚು ಹೀರಿಕೊಳ್ಳುವುದೂ ಹೆಚ್ಚುಕಡಿಮೆ ಅದೇ ಬೆಳಕನ್ನು. ಬಣ್ಣವನ್ನು ಯಂತ್ರ 'ಆಕ್ಸಿಜನ್ ಇಲ್ಲದ ರಕ್ತ' ಎಂದು ಓದಿಕೊಳ್ಳುತ್ತದೆ. ಬೋಲಸ್ ಆದರೆ ಬೇಗ ಸರಿಹೋಗುತ್ತದೆ, ಡ್ರಿಪ್ ಆದರೆ ಹೆಚ್ಚು ಹೊತ್ತು ಕಾಡುತ್ತದೆ. ಗೊತ್ತಿಲ್ಲದ ರಾತ್ರಿ ಪಾಳಿಯವರು ವೆಂಟಿಲೇಟರ್ ಆಕ್ಸಿಜನ್ ನೂರಕ್ಕೆ ಏರಿಸಿ, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಏರಿಸಿ, ಕೊನೆಗೆ ಟ್ಯೂಬನ್ನೇ ಬದಲಿಸಲು ಹೊರಡುತ್ತಾರೆ. ಶುರು ಮಾಡುವ ಮೊದಲೇ ಒಂದು ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ತೆಗೆದಿಟ್ಟುಕೊಳ್ಳಿ, ಅರ್ಧ ಗಂಟೆಗೆ ಇನ್ನೊಂದು. ನಂಬಬೇಕಾದದ್ದು ಎಬಿಜಿಯ ಪಿಎಓ2 (ರಕ್ತದಲ್ಲಿನ ಆಕ್ಸಿಜನ್ ಒತ್ತಡ) ಅಂಕಿಯನ್ನು. ಹಿಮೋಗ್ಲೋಬಿನ್ ಬಗೆಗಳನ್ನು ಬೆಳಕಿನಿಂದ ಅಳೆಯುವ ಕೋ-ಆಕ್ಸಿಮೀಟರಿನ ಮೆಟ್‌ಹಿಮೋಗ್ಲೋಬಿನ್ ಅಂಕಿಯೂ ಬಣ್ಣದಿಂದ ದಾರಿ ತಪ್ಪಬಹುದು. ಅರಿವಳಿಕೆಯ ಆಳ ಅಳೆಯುವ ಬಿಸ್ ಮಾನಿಟರ್ ಇದ್ದರೆ ಅದರ ಸಂಖ್ಯೆಯೂ ಬೀಳುವುದುಂಟು.

ಹಾಗೆಂದು ಪ್ರತಿ ಇಳಿತವನ್ನೂ 'ಬಣ್ಣದ ಆಟ' ಎಂದು ತಳ್ಳಿಹಾಕಬಾರದು. ಶ್ವಾಸಕೋಶದ ರಕ್ತನಾಳಗಳನ್ನೂ ಈ ಔಷಧ ಬಿಗಿಗೊಳಿಸುತ್ತದೆ. ಎಆರ್‌ಡಿಎಸ್ (ಶ್ವಾಸಕೋಶಕ್ಕೆ ಆಗುವ ತೀವ್ರ ಹಾನಿ) ಇರುವವರಲ್ಲಿ, ಡೋಸ್ ಹೆಚ್ಚಾದಾಗ, ಆಕ್ಸಿಜನ್ ನಿಜವಾಗಿಯೂ ಕುಸಿಯಬಹುದು, ಬಲ ಕುಹರ ಏದುಸಿರು ಬಿಡಬಹುದು. ಆದ್ದರಿಂದಲೇ ಎಬಿಜಿ. ಪಿಎಓ2 ಮತ್ತು ಎಫ್‌ಐಓ2 (ಒಳಗೆ ಕೊಡುವ ಗಾಳಿಯಲ್ಲಿನ ಆಕ್ಸಿಜನ್ ಪಾಲು) ಅನುಪಾತ 150ಕ್ಕಿಂತ ಕೆಳಗಿದ್ದು ಪಲ್ಮನರಿ ಒತ್ತಡ ಮೊದಲೇ ಏರಿರುವ ರೋಗಿಗೆ ನಾವಂತೂ ಕೈ ಹಾಕುವುದಿಲ್ಲ.

ಮೂತ್ರ ಹಸಿರು-ನೀಲಿಯಾಗುವುದು ಬಹುತೇಕ ಖಚಿತ. ಮೆಕ್ಸಿಕೊ ಅಧ್ಯಯನದಲ್ಲಿ 93 ಪ್ರತಿಶತ ಜನರಿಗೆ ಆಯಿತು. ಕೆಲವು ದಿನ ಉಳಿಯುತ್ತದೆ, ಹಾನಿಯಿಲ್ಲ. ಆದರೆ ಸಂಜೆಯ ಭೇಟಿಗೆ ಒಳಬರುವ ಮಗನಿಗೋ ಹೆಂಡತಿಗೋ ಮೊದಲೇ ಹೇಳಿರದಿದ್ದರೆ, ಮಂಚದ ಕೆಳಗಿನ ಬ್ಯಾಗ್ ನೋಡಿ 'ಡಾಕ್ಟ್ರೇ, ಕಿಡ್ನಿ ಹೋಯ್ತಾ?' ಎಂದು ಗಾಬರಿಯಾಗುತ್ತಾರೆ. ಸಹಿ ತೆಗೆದುಕೊಳ್ಳುವಾಗಲೇ ಮೂತ್ರದ ಬಣ್ಣ, ಚರ್ಮಕ್ಕೆ ಬರುವ ನೀಲಿ ಛಾಯೆ ಎರಡನ್ನೂ ತಿಳಿಸಿ.

ನಿಜವಾದ ಅಪಾಯ ಬೇರೆ ಕಡೆ ಇದೆ. ಮಿಥಿಲೀನ್ ಬ್ಲೂ ಸೆರೋಟೋನಿನ್ ಒಡೆಯುವ ಎಂಎಓ-ಎ ಕಿಣ್ವದ ಬಲವಾದ ತಡೆಗಾರ. ಕೆಜಿಗೆ 1 ಮಿ.ಗ್ರಾಂ ಕೊಟ್ಟರೂ ಆ ಗುಣ ಕೆಲಸ ಮಾಡುತ್ತದೆ. ಮಿದುಳಿನಲ್ಲಿ ಸೆರೋಟೋನಿನ್ ಏರಿಸುವ ಔಷಧಗಳ ಜೊತೆ ಸೇರಿದರೆ ಸೆರೋಟೋನಿನ್ ಸಿಂಡ್ರೋಮ್, ಎಂದರೆ ಸೆರೋಟೋನಿನ್ ಮಿತಿಮೀರಿ ಆಗುವ ಅಪಾಯದ ಸ್ಥಿತಿ. ಎಫ್‌ಡಿಎ 2011ರಲ್ಲೇ ಎಚ್ಚರಿಸಿತ್ತು, ಈಗ ಪ್ರೊವೇಬ್ಲೂ ಲೇಬಲ್ ಮೇಲೆ ಪೆಟ್ಟಿಗೆಯೊಳಗಿನ ಎಚ್ಚರಿಕೆಯಾಗಿ ಇದೆ. ಖಿನ್ನತೆಗೆ ಕೊಡುವ ಎಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುವಾಕ್ಸೆಟಿನ್ ಇವೆಲ್ಲ ಪಟ್ಟಿಯಲ್ಲಿವೆ. ಫ್ಲುವಾಕ್ಸೆಟಿನ್ ನಿಲ್ಲಿಸಿದ ಮೇಲೂ ಐದು ವಾರ ದೇಹದಲ್ಲಿ ಪ್ರಭಾವ ಇರುತ್ತದೆ. ಮಾನಸಿಕ ಕಾಯಿಲೆಯ ಮಾತ್ರೆಯನ್ನು ನಮ್ಮಲ್ಲಿ ಮನೆಯವರು ಮುಚ್ಚಿಡುವುದೇ ಹೆಚ್ಚು. 'ಬೇರೆ ಏನಾದರೂ ಮಾತ್ರೆ ತಗೋತಾರಾ?' ಎಂದರೆ 'ಬಿಪಿ, ಶುಗರ್ ಮಾತ್ರ' ಎಂಬ ಉತ್ತರ ಬರುತ್ತದೆ. 'ನಿದ್ದೆಗೆ, ನರಕ್ಕೆ, ಬೇಜಾರಿಗೆ ಏನಾದರೂ?' ಎಂದು ಬಿಡಿಸಿ ಕೇಳಿ. ಮಾತ್ರೆಯ ಚೀಟಿಗಳನ್ನೆಲ್ಲ ತರಿಸಿ ನೋಡಿ.

ಐಸಿಯು ಒಳಗೇ ಇರುವ ಪಾಲುದಾರರನ್ನು ಮರೆಯಬಾರದು. ನೋವಿಗೆ ಕೊಡುವ ಫೆಂಟಾನಿಲ್ ಡ್ರಿಪ್, ಟ್ರಾಮಡಾಲ್, ಪೆತಿಡಿನ್. ಆಂಟಿಬಯೋಟಿಕ್ ಆದ ಲಿನೆಜೊಲಿಡ್ ಅಂತೂ ತಾನೇ ಎಂಎಓ ತಡೆಗಾರ. ಎಂಆರ್‌ಎಸ್‌ಎ (ಹಲವು ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ) ಸಂಶಯದಲ್ಲಿ ಅದು ಓಡುತ್ತಿದ್ದರೆ ವ್ಯಾಂಕೋಮೈಸಿನ್ ಅಥವಾ ಟೈಕೋಪ್ಲಾನಿನ್‌ಗೆ ಬದಲಿಸಿ. ಫೆಂಟಾನಿಲ್ ಬದಲು ಮಾರ್ಫಿನ್ ಒಂದು ದಾರಿ, ಮೂತ್ರಪಿಂಡ ನೋಡಿಕೊಂಡು. ಆಪರೇಷನ್ ಥಿಯೇಟರಿಗೆ ಹೋಗುವ ರೋಗಿಯಾದರೆ ಅಲ್ಲಿ ಬಿಪಿ ಏರಿಸುವ ಮೆಫೆಂಟರ್‌ಮಿನ್ ಕೊಡದಂತೆ ಹೇಳಿ ಕಳಿಸಿ: ಎಂಎಓ ತಡೆದಿರುವಾಗ ಅಂಥ ಔಷಧದಿಂದ ಬಿಪಿ ಎಲ್ಲಿಗೆ ಜಿಗಿಯುತ್ತದೆ ಎಂದು ಊಹಿಸಲಾಗದು.

ಸೆರೋಟೋನಿನ್ ಸಿಂಡ್ರೋಮ್ ಗುರುತಿಸುವುದು ಕಷ್ಟ, ಏಕೆಂದರೆ ಜ್ವರ, ಬೆವರು, ವೇಗದ ನಾಡಿ, ಗೊಂದಲ ಇವೆಲ್ಲ ಸೆಪ್ಸಿಸ್‌ನಲ್ಲೂ ಇವೆ. ಪಾದವನ್ನು ಒಮ್ಮೆ ಮೇಲಕ್ಕೆ ತಟ್ಟನೆ ಮಡಿಸಿ ನೋಡಿ. ಮೀನಖಂಡ ತನ್ನಷ್ಟಕ್ಕೆ ಮಿಡಿಯುತ್ತಿದ್ದರೆ ಕ್ಲೋನಸ್, ಸಂಶಯ ಗಟ್ಟಿ. ಸ್ನಾಯು ಸಡಿಲಿಸುವ ಔಷಧ ಓಡುತ್ತಿರುವವರಲ್ಲಿ ಈ ಸುಳಿವೂ ಸಿಗದು. ಚಿಕಿತ್ಸೆ: ಡ್ರಿಪ್ ನಿಲ್ಲಿಸಿ, ಮಿಡಾಜೊಲಮ್ ಕೊಡಿ, ಮೈ ತಂಪು ಮಾಡಿ, ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಹಾಕಿದ ನಳಿಕೆ) ಸೈಪ್ರೋಹೆಪ್ಟಡಿನ್ 12 ಮಿ.ಗ್ರಾಂ. ಹಸಿವಿಗೆ ಕೊಡುವ ಅದೇ 4 ಮಿ.ಗ್ರಾಂ ಮಾತ್ರೆ, ಮೂರು ಪುಡಿಮಾಡಿ.

ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಯುವ ಕಿಣ್ವ) ಕೊರತೆ ಹುಟ್ಟಿನಿಂದ ಇರುವವರಿಗೆ ಈ ಔಷಧ ನಿಷಿದ್ಧ. ಮಿಥಿಲೀನ್ ಬ್ಲೂ ಅನ್ನು ಕೆಂಪು ರಕ್ತಕಣ ನಿರುಪದ್ರವ ರೂಪಕ್ಕೆ ತಿರುಗಿಸಲು ಬೇಕಾದ ಎನ್‌ಎಡಿಪಿಎಚ್ ಅವರಲ್ಲಿ ಸಾಕಷ್ಟು ಹುಟ್ಟುವುದಿಲ್ಲ, ಕಣಗಳು ಒಡೆಯುತ್ತವೆ. ಪರೀಕ್ಷೆಯ ವರದಿ ಬರುವಷ್ಟು ಹೊತ್ತು ಶಾಕ್ ಕಾಯುವುದಿಲ್ಲ, ರಕ್ತ ಹಾಕಿದ ಮೇಲೆ ಮಾಡಿದ ಪರೀಕ್ಷೆಯನ್ನು ನಂಬುವಂತೆಯೂ ಇಲ್ಲ. ಪ್ರೈಮಾಕ್ವಿನ್ ತಿಂದು ಕಾಮಾಲೆ ಆಗಿತ್ತೇ, ಮೂತ್ರ ಕೋಲಾದಂತೆ ಕಪ್ಪಾಗಿತ್ತೇ, ಗಂಡಸರಲ್ಲಿ ತಾಯಿಯ ಕಡೆಯ ಸೋದರಮಾವಂದಿರಿಗೆ ಹೀಗೆ ಆದದ್ದುಂಟೇ ಎಂದು ಕೇಳಿ. ಉತ್ತರ ಹೌದಾದರೆ ಕೈಬಿಡಿ. ಕೊಟ್ಟವರಲ್ಲಿ ಮರುದಿನ ಹಿಮೋಗ್ಲೋಬಿನ್, ಬಿಲಿರುಬಿನ್ ನೋಡುವುದು ಕಡ್ಡಾಯ. ಗರ್ಭಿಣಿಯರಿಗೆ ಬೇಡ. ಮೂತ್ರಪಿಂಡ ಸೋತವರಲ್ಲಿ ಔಷಧ ನಿಧಾನವಾಗಿ ಹೊರಹೋಗುತ್ತದೆ, ಆದ್ದರಿಂದ ಒಂದು ಬೋಲಸ್‌ಗೆ ನಿಲ್ಲಿಸುವುದು ಜಾಣತನ.

ಫಲ ಕಾಣಬೇಕಾದದ್ದು ಒಂದು ಗಂಟೆಯೊಳಗೆ. ಸರಾಸರಿ ಬಿಪಿ 65 ದಾಟಿ ನಿಂತರೆ ನಾರ್‌ಅಡ್ರಿನಲಿನ್ ಅನ್ನು ಹತ್ತು-ಹದಿನೈದು ನಿಮಿಷಕ್ಕೊಮ್ಮೆ 0.02ರಿಂದ 0.05ರಂತೆ ಇಳಿಸಿ. ಇಳಿಸದೆ ಬಿಪಿ 85ರಲ್ಲಿ ಕುಳಿತಿರುವುದನ್ನು ನೋಡಿ ಖುಷಿಪಡುವುದರಿಂದ ರೋಗಿಗೇನೂ ಸಿಗದು, ಔಷಧ ಕೊಟ್ಟ ಉದ್ದೇಶವೇ ಡೋಸ್ ಇಳಿಸುವುದು. ಒಂದು ಬೋಲಸ್‌ಗೆ ಏನೂ ಅಲುಗದಿದ್ದರೆ ಡ್ರಿಪ್ ಮುಂದುವರಿಸುವುದು ವ್ಯರ್ಥ. ಕೀವು ಎಲ್ಲಿ ಉಳಿದಿದೆ ಎಂದು ಮತ್ತೆ ಹುಡುಕಿ. ಬಿಪಿ ಏರಿ ಲ್ಯಾಕ್ಟೇಟೂ ಏರುತ್ತಿದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ, ನಾಳ ಬಿಗಿದು ಕರುಳು ಸಾಯುತ್ತಿಲ್ಲವಷ್ಟೇ ಎಂದು ಸಿಟಿ ನೋಡಬೇಕು.

ಇದರ ಸ್ಪರ್ಧಿಗಳು? ವಿಟಮಿನ್ ಬಿ12ರ ಒಂದು ರೂಪವಾದ ಹೈಡ್ರಾಕ್ಸೊಕೋಬಾಲಮಿನ್ 5 ಗ್ರಾಂ ಕೊಡುವ ಪದ್ಧತಿ ಹೊರದೇಶಗಳಲ್ಲಿದೆ. ಎಂಎಓ ತಂಟೆ ಇಲ್ಲ, ಜಿ6ಪಿಡಿ ಭಯ ಕಡಿಮೆ. ಆದರೆ ಮೂತ್ರ ಕೆಂಪಾಗುತ್ತದೆ, ಡಯಾಲಿಸಿಸ್ ಯಂತ್ರ ಅದನ್ನು ರಕ್ತ ಸೋರಿಕೆ ಎಂದು ತಿಳಿದು ನಿಂತುಬಿಡುತ್ತದೆ, ಬೆಲೆಯೂ ವಿಪರೀತ. ನಮ್ಮಲ್ಲಿ ಬಿ12 ಎಂದು ಸಿಗುವ ಸಣ್ಣ ಇಂಜೆಕ್ಷನ್ನುಗಳನ್ನು ಕೂಡಿಸಿ ಆ ಡೋಸ್ ಮಾಡಲು ಹೋಗಬೇಡಿ. ಆಂಜಿಯೋಟೆನ್ಸಿನ್-2ಕ್ಕೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದೆ, ಪುರಾವೆ ಇದಕ್ಕಿಂತ ಗಟ್ಟಿ, ಆದರೆ ದುಬಾರಿ. ಮಿಥಿಲೀನ್ ಬ್ಲೂ ಆಂಪೂಲಿನ ಬೆಲೆ ಐಸಿಯು ಬಿಲ್ಲಿನಲ್ಲಿ ಕಣ್ಣಿಗೆ ಬೀಳದಷ್ಟು. ಅಂಕ ಮೂರಕ್ಕೆ ಇಳಿದರೂ ಕಪಾಟಿನಲ್ಲಿ ಜಾಗ ಕೊಡುವುದು ಇದರಿಂದಾಗಿ.

ಕೊಳ್ಳುವವರು ನೋಡಬೇಕಾದದ್ದು: ಆಂಪೂಲಿನ ಮೇಲೆ 'ಇಂಜೆಕ್ಷನ್', ಐಪಿ ಅಥವಾ ಯುಎಸ್‌ಪಿ (ಭಾರತ, ಅಮೆರಿಕದ ಔಷಧ ಗುಣಮಟ್ಟ) ದರ್ಜೆ, ಪ್ರತಿಶತ, ಬ್ಯಾಚ್, ಅವಧಿ. ಲ್ಯಾಬಿನ ಕಪಾಟಿನಲ್ಲಿ ಸ್ಟೇನ್ ಮಾಡಲು ಇಟ್ಟ ಬಾಟಲಿಯ ಬಣ್ಣ, ಮೀನಿನ ತೊಟ್ಟಿಗೆ ಹಾಕುವ ಬಣ್ಣ ಎರಡೂ ಹೆಸರಿಗೆ ಇದೇ. ಅವು ಶುದ್ಧವಲ್ಲ, ಸ್ಟೆರೈಲ್ ಅಲ್ಲ, ಭಾರಲೋಹಗಳು ಇರಬಹುದು. ಈಚೆಗೆ ಆನ್‌ಲೈನಿನಲ್ಲಿ 'ಮಿದುಳಿಗೆ ಚುರುಕು' ಎಂದು ನಾಲಿಗೆ ಕೆಳಗೆ ಹಾಕಿಕೊಳ್ಳುವ ನೀಲಿ ಹನಿ ಮಾರುತ್ತಿದ್ದಾರೆ. ಬೇಜಾರಿನ ಮಾತ್ರೆ ತಿನ್ನುವವರು ಅದನ್ನು ಮುಟ್ಟಿದರೆ ಮೇಲೆ ಹೇಳಿದ ಸೆರೋಟೋನಿನ್ ತೊಂದರೆ ಮನೆಯಲ್ಲೇ ಶುರುವಾಗಬಹುದು. ಕೋಣೆಯ ಉಷ್ಣತೆಯಲ್ಲಿ, ಬೆಳಕು ಬೀಳದಂತೆ ಇಡಿ, ಫ್ರಿಜ್ಜಿಗೆ ಹಾಕಬೇಡಿ. ಆಂಪೂಲ್ ಮುರಿಯುವಾಗ ಎರಡು ಜೊತೆ ಗ್ಲವ್ಸ್, ಕೆಳಗೊಂದು ಹಳೆ ಹಾಳೆ. ಚೆಲ್ಲಿದ ಕಲೆಗೆ ಹೈಪೋಕ್ಲೋರೈಟ್ ಒರೆಸಿದರೆ ಹೋಗುತ್ತದೆ.

ತಾಲ್ಲೂಕು ಆಸ್ಪತ್ರೆಗಳೂ ಎರಡು-ಮೂರು ಆಂಪೂಲ್ ಇಟ್ಟಿರಬೇಕು ಎಂಬುದು ನಮ್ಮ ಅಭಿಪ್ರಾಯ, ಶಾಕ್‌ಗಿಂತ ಹೆಚ್ಚಾಗಿ ಅದರ ಹಳೆಯ ಕೆಲಸಕ್ಕೆ. ಡ್ಯಾಪ್ಸೋನ್ ಹೆಚ್ಚು ತಿಂದವರು, ನೈಟ್ರೋಬೆಂಜೀನ್ ಕುಡಿದವರು, ತೊಗರಿಯ ಕಾಯಿಕೊರಕಕ್ಕೆ ಹೊಡೆಯುವ ಇಂಡಾಕ್ಸಕಾರ್ಬ್ ಕುಡಿದವರು ನೀಲಿಗಟ್ಟಿ ಬರುತ್ತಾರೆ. ರಕ್ತ ಚಾಕೊಲೇಟ್ ಬಣ್ಣ, ಆಕ್ಸಿಜನ್ ಕೊಟ್ಟರೂ ಎಸ್‌ಪಿಓ2 (ಆಕ್ಸಿಮೀಟರ್ ಅಂಕಿ) 85ರ ಸುತ್ತ ನಿಂತಿರುತ್ತದೆ. ಅವರಿಗೆ ಕೆಜಿಗೆ 1 ಮಿ.ಗ್ರಾಂ, ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ. ಬೇಕಾದರೆ ಒಂದು ಗಂಟೆಯ ನಂತರ ಇನ್ನೊಮ್ಮೆ ಅಷ್ಟೇ.